ಮುತ್ತಜ್ಜಿಯ ಸಮಾಧಿ ಕಲ್ಲು ಓದಿದ ಬಗೆ

ವಂಶವೃಕ್ಷ ಬರೆಯಲು ಕೂತಾಗ ಮುತ್ತಜ್ಜಿಯ ಸಮಾಧಿ ನೋಡಲೇಬೇಕು ಅನ್ನಿಸಿತು. ಹೋಗುವ ಮೊದಲು ಸ್ಮಶಾನದ ಕಚೇರಿಗೆ ಫೋನ್ ಮಾಡಿ, ಹೆಸರು ಮತ್ತು ತೀರಿಕೊಂಡ ವರ್ಷ ಹೇಳಿದೆ. ಅವರು ರಿಜಿಸ್ಟರ್ ನೋಡಿ ಸಾಲು, ನಂಬರ್ ಕೊಟ್ಟರು. ಇಷ್ಟು ಕೇಳದೆ ಹೋದರೆ ಸುಮ್ನೆ ಅಲೆದಾಟ. ಎಷ್ಟೋ ಸಮಾಧಿಗೆ ಕಲ್ಲೇ ಇರುವುದಿಲ್ಲ, ಅಂಥ ಕಡೆ ರಿಜಿಸ್ಟರೇ ಗತಿ.

ನಮ್ಮದಕ್ಕೆ ಕಲ್ಲಿತ್ತು, ಆದರೆ ಅಮೃತಶಿಲೆ. ಗ್ರಾನೈಟ್ ಆಗಿದ್ದರೆ ಅಕ್ಷರ ಗಟ್ಟಿಯಾಗಿ ನಿಲ್ಲುತ್ತಿತ್ತು. ಅಮೃತಶಿಲೆಯನ್ನು ಮಳೆನೀರಿನ ಹುಳಿ ಮೆಲ್ಲಗೆ ಕರಗಿಸುತ್ತದೆ. ಸಾಲದ್ದಕ್ಕೆ ಕಲ್ಲುಹೂವು ಬೇರೆ ಹಬ್ಬಿತ್ತು. ಅಕ್ಷರ ಕಾಣಲಿ ಅಂತ ಕೆಲವರು ಶೇವಿಂಗ್ ಕ್ರೀಮ್ ಬಳಿಯುತ್ತಾರೆ, ತಂತಿ ಬ್ರಷ್‌ನಲ್ಲಿ ಉಜ್ಜುತ್ತಾರೆ. ದಯವಿಟ್ಟು ಬೇಡ. ಕ್ರೀಮಿನಲ್ಲಿರುವ ಆಮ್ಲ ಕಲ್ಲಿನ ರಂಧ್ರಗಳಲ್ಲಿ ಉಳಿದು ಹಾಳುಮಾಡುತ್ತದೆ. ನಾನು ಒಯ್ದದ್ದು ಒಂದು ಕನ್ನಡಿ. ಪಕ್ಕದಿಂದ ಬಿಸಿಲನ್ನು ಓರೆಯಾಗಿ ಬೀಳಿಸಿದರೆ ಅಕ್ಷರದ ತಗ್ಗಿನಲ್ಲಿ ನೆರಳು ಕೂರುತ್ತದೆ. ಬರಿಗಣ್ಣಿಗೆ ಖಾಲಿ ಕಂಡಿದ್ದ ಜಾಗದಲ್ಲಿ ಒಂದು ಸಾಲು ಪೂರ್ತಿ ಎದ್ದು ಬಂತು! ಬಿಸಿಲಿಲ್ಲದ ದಿನ ಕಲ್ಲಿಗೆ ಕೊಡೆ ಅಡ್ಡ ಹಿಡಿದು ಬದಿಯಿಂದ ಟಾರ್ಚ್ ಬಿಟ್ಟರೂ ಆಗುತ್ತದೆ.

ಆ ಸಾಲಿನಲ್ಲಿ ಇದ್ದದ್ದು: 1911ರ ಮಾರ್ಚ್, 54ನೇ ವರ್ಷದಲ್ಲಿ. ಅಂದರೆ ತುಂಬಿದ್ದು 53 ಅಲ್ವಾ? ಹಾಗಾಗಿ ಹುಟ್ಟಿದ್ದು 1857 ಅಥವಾ 1858. ಇದನ್ನೂ ನಾನು ಪೆನ್ಸಿಲ್‌ನಲ್ಲೇ ಬರೆದುಕೊಂಡೆ. ಕಲ್ಲನ್ನು ಸತ್ತವರು ಬರೆಸುವುದಿಲ್ಲ. ಮಕ್ಕಳು ದುಡ್ಡು ಕೂಡಿಸಿ ಎಷ್ಟೋ ವರ್ಷದ ಮೇಲೆ ನೆನಪಿನಿಂದ ಬರೆಸಿರಬಹುದು. ತೀರಿಕೊಂಡ ದಿನಕ್ಕೆ ನಾನು ಜಾಸ್ತಿ ನಂಬುವುದು ಆಗಲೇ ಬರೆದಿಟ್ಟ ರಿಜಿಸ್ಟರನ್ನು.

ನನ್ನ ಪ್ರಕಾರ ನಿಜವಾದ ಲಾಭ ಅಕ್ಕಪಕ್ಕದ ಕಲ್ಲುಗಳಲ್ಲಿದೆ. ಸಮಾಧಿಯ ಜಾಗವನ್ನು ಮನೆಯವರು ಒಟ್ಟಿಗೆ ಕೊಂಡಿರುವುದುಂಟು. ಅದಕ್ಕೇ ನಾಲ್ಕೂ ಕಡೆಯ ಕಲ್ಲುಗಳ ಫೋಟೋ ತೆಗೆದೆ, ಹಿಂಬದಿಯದ್ದೂ ಸೇರಿಸಿ. ಎಡಗಡೆಯ ಪುಟ್ಟ ಕಲ್ಲಿನಲ್ಲಿ ಮುತ್ತಜ್ಜನ ಹೆಸರಿತ್ತು, ತಂದೆ ಅಂತ. ಎಂಟು ತಿಂಗಳ ಮಗು. ಮನೆಯಲ್ಲಿ ಯಾರೂ ಈ ಮಗುವಿನ ಮಾತು ಎತ್ತಿದ್ದಿಲ್ಲ. ನನ್ನ ಪಟ್ಟಿಯಲ್ಲಿ ಇಬ್ಬರು ಮಕ್ಕಳ ನಡುವೆ ಆರು ವರ್ಷದ ಅಂತರ ಯಾಕಿದೆ ಅಂತ ಆಗ ತಿಳಿಯಿತು.

ಫೋಟೋಗಳನ್ನು 1995ರಿಂದ ನಡೆಯುತ್ತಿರುವ, ಸಮಾಧಿಗಳ ವಿವರ ಕೂಡಿಡುವ ಫೈಂಡ್ ಎ ಗ್ರೇವ್ ಜಾಲತಾಣಕ್ಕೆ ಹಾಕಿದ್ದೇನೆ. ಬದುಕಿರುವ ನೆಂಟರ ಹೆಸರು ಮಾತ್ರ ಸೇರಿಸಲಿಲ್ಲ. ಈಗ ಆ ಮಗುವಿನ ಜನನ ದಾಖಲೆ ಹುಡುಕುತ್ತಿದ್ದೇನೆ.