ಡೈವಿಂಗ್ ದೀಪ ಎಲ್ಲಿ ಕಟ್ಟಬೇಕು: ಫರಸಿ ಖಣಿಯ ರಾಡಿ ನೀರಿನಲ್ಲಿ ನನ್ನ ಅನುಭವ

ಹೆಲ್ಮೆಟ್ ಮೇಲೆ ದೀಪವಿಲ್ಲದೆ ಶಹಾಬಾದ್ ಕಡೆಯ ನೀರು ತುಂಬಿದ ಫರಸಿ ಖಣಿಗಳಲ್ಲಿ ಇಳಿಯಲಿಕ್ಕೇ ಆಗದು ಎಂದು ಕರಾವಳಿಯಲ್ಲಿ ಡೈವಿಂಗ್ ಕಲಿತು ಬಂದ ಗೆಳೆಯರು ಪಟ್ಟು ಹಿಡಿದಿದ್ದರು. ಈಗ ಅವರಲ್ಲಿ ಹೆಚ್ಚಿನವರು ನನ್ನ ಜೋಡಣೆಯಲ್ಲೇ ಇಳಿಯುತ್ತಾರೆ: ಎಡಗೈ ಮೇಲೆ ಮುಖ್ಯ ದೀಪ, ಎದೆಯ ಎರಡೂ ಪಟ್ಟಿಗಳ ಮೇಲೆ ಒಂದೊಂದು ಬದಲಿ ದೀಪ, ತಲೆ ಬರಿದು. ಗುಹೆ ಡೈವರ್‌ಗಳಲ್ಲಿ ಅನೇಕರು ಹೀಗೇ ಕಟ್ಟುತ್ತಾರೆ. ಅದನ್ನು ನಮ್ಮ ನೀರಿಗೆ, ನಮ್ಮ ರೊಕ್ಕಕ್ಕೆ ಹೊಂದಿಸಿದ್ದು ನನ್ನ ಪಾಲಿನ ಕೆಲಸ.

ಮೊದಲು ನಾನೂ ಹೆಲ್ಮೆಟ್ಟಿಗೇ ಕಟ್ಟಿ ನೋಡಿದೆ: ಬ್ರಾಕೆಟ್ಟು, ಎರಡು ದೀಪ ಸೇರಿ ಏಳು ಸಾವಿರದ ಹತ್ತಿರ ಹೋಯಿತು. ಫರಸಿ ಎಂದರೆ ಸುಣ್ಣಕಲ್ಲೇ, ಅದರ ಹುಡಿ ಬಹಳ ನುಣುಪು, ಒಮ್ಮೆ ಎದ್ದರೆ ಬೇಗ ಕೂರುವುದಿಲ್ಲ. ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಟರೆ ಒಂದೊಂದು ಕಣವೂ ಅದನ್ನು ತಿರುಗಿಸಿ ಮಾಸ್ಕಿಗೇ ಹೊಡೆಯುತ್ತದೆ, ಎದುರಿಗೆ ಬಿಳಿ ಗೋಡೆಯೇ ನಿಲ್ಲುತ್ತದೆ. ಅದೇ ದೀಪವನ್ನು ಕೈ ಚಾಚಿ ಬದಿಗೆ ಹಿಡಿದರೆ ಕಲ್ಲಿನ ಪದರ ಕಾಣುತ್ತದೆ. ಇನ್ನೊಂದು ತಾಪತ್ರಯ, ಜೊತೆಗಾರನ ಕಡೆ ಮುಖ ತಿರುಗಿಸಿದಾಗಲೆಲ್ಲ ಅವನ ಕಣ್ಣು ಕುಕ್ಕುತ್ತದೆ. ಖಣಿಗಳಲ್ಲಿ ಹಳೇ ಮೋಟರ್ ಹಗ್ಗ, ಮೀನಿನ ಬಲೆ ಬಿದ್ದಿರುತ್ತವೆ. ಬ್ರಾಕೆಟ್ಟಿನ ತಿರುಪಿಗೆ ಬಲೆ ಸಿಕ್ಕರೆ ಬಿಡಿಸಲು ಕಣ್ಣಿಗೂ ಕಾಣದು, ಕೈಗೂ ಸರಿಯಾಗಿ ಎಟುಕದು.

ಮುಖ್ಯ ದೀಪ ಎಡಗೈಯಲ್ಲೇ ಇರಬೇಕು, ಏಕೆಂದರೆ ಗಾಳಿ ಮುಗಿದವನಿಗೆ ಉದ್ದ ಹೋಸಿನ (ಗಾಳಿ ಕೊಳವೆಯ) ರೆಗ್ಯುಲೇಟರ್, ಅಂದರೆ ಬಾಯಲ್ಲಿಟ್ಟು ಉಸಿರಾಡುವ ಭಾಗ, ಕೊಡುವುದು ಬಲಗೈ. ದೀಪವನ್ನು ಅಂಗೈಯ ಹಿಂಬದಿ ಕೂರಿಸುವ ಗುಡ್‌ಮನ್ ಹ್ಯಾಂಡಲ್ ಇದ್ದರೆ ಬೆರಳುಗಳು ಖಾಲಿ ಉಳಿಯುತ್ತವೆ, ತೇಲುವ ಜಾಕೆಟ್ಟಿಗೆ ಗಾಳಿ ತುಂಬುವ ಇನ್‌ಫ್ಲೇಟರ್ ಒತ್ತಲು ದೀಪ ಬಿಡಬೇಕಿಲ್ಲ. ಬೆಳಕಿನಲ್ಲೇ ಮಾತೂ ಆಗುತ್ತದೆ: ನಿಧಾನ ದುಂಡಗೆ ತಿರುಗಿಸಿದರೆ ಎಲ್ಲ ಸರಿ, ಅಡ್ಡಡ್ಡ ಜೋರಾಗಿ ಬೀಸಿದರೆ ಆಪತ್ತು. ಸೊಂಟದ ಬಲಕ್ಕೆ ಕ್ಯಾನಿಸ್ಟರ್ (ವೈರಿನಿಂದ ದೀಪಕ್ಕೆ ಸೇರಿದ ಬ್ಯಾಟರಿ ಡಬ್ಬಿ) ಕಟ್ಟುವವರು ಒಂದನ್ನು ನೋಡಿಕೊಳ್ಳಬೇಕು. ದೀಪದ ವೈರು ಉದ್ದ ಹೋಸಿನ ಮೇಲೆ ಅಡ್ಡ ಬಿದ್ದಿದ್ದರೆ ಹೋಸು ಅರ್ಧಕ್ಕೇ ನಿಲ್ಲುತ್ತದೆ. ದಡದಲ್ಲೇ ಹೋಸನ್ನು ಪೂರ್ತಿ ಜಗ್ಗಿ ನೋಡಿ, ಆಮೇಲೆ ಇಳಿಯಿರಿ. ನಾನು ವೈರಿಲ್ಲದ ದೀಪವನ್ನೇ ಆರಿಸಿದೆ, ಹದಿನಾಲ್ಕು ಸಾವಿರ ಆಯಿತು.

ಬದಲಿ ದೀಪಗಳಲ್ಲಿ ಅಸಲಿ ಕೆಲಸವಿದೆ. ದೀಪದ ಬಾಲದ ತೂತಿಗೆ 2–3 ಮಿ.ಮೀ. ನೈಲಾನ್ ದಾರದಿಂದ ಸ್ಟೇನ್‌ಲೆಸ್ ಬೋಲ್ಟ್ ಸ್ನ್ಯಾಪ್ (ಗುಂಡಿ ಸರಿಸಿ ತೆರೆಯುವ ಕೊಕ್ಕೆ) ಕಟ್ಟಿ, ದಾರದ ತುದಿ ಸುಟ್ಟು ಒತ್ತಿಬಿಡಿ. ಕೀ ರಿಂಗ್ ಹಾಕಬೇಡಿ: ಸ್ನ್ಯಾಪ್ ಹಿಡಿದುಕೊಂಡರೆ ದಾರವನ್ನು ಚಾಕುವಿನಿಂದ ಕೊಯ್ಯಬಹುದು, ಲೋಹವನ್ನು ಕೊಯ್ಯಲಾಗದು. ಸ್ನ್ಯಾಪನ್ನು ಎದೆಪಟ್ಟಿಯ ಡಿ-ರಿಂಗಿಗೆ (ಡಿ ಆಕಾರದ ಲೋಹದ ಕೊಂಡಿಗೆ) ಸಿಕ್ಕಿಸಿ ದೀಪದ ಮುಖ ಕೆಳಗೆ ಬರುವಂತೆ ಪಟ್ಟಿಯುದ್ದಕ್ಕೆ ಮಲಗಿಸಿ, ಮುಖದ ಹತ್ತಿರ ರಬ್ಬರ್ ಬಳೆಯಲ್ಲಿ ತೂರಿಸಬೇಕು. ಅಂಗಡಿಯ ಬಂಜಿ (ಹಿಗ್ಗುವ ಹಗ್ಗ) ಬೇಕಿಲ್ಲ. ಸೈಕಲ್ ಟ್ಯೂಬ್ ಸಡಿಲ, ಲಾರಿ ಟ್ಯೂಬ್ ಬಿರುಸು. ಸ್ಕೂಟರ್ ಟ್ಯೂಬನ್ನು ಬೆರಳಗಲ ಕತ್ತರಿಸಿದರೆ ಸರಿಯಾದ ಹಿಡಿತ. ಪಂಕ್ಚರ್ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತದೆ. ದೀಪ ಅಲುಗದಂತೆ ಎರಡನೇ ಬಳೆಯನ್ನು ಹೆಣೆಯುವ ರೀತಿಯೊಂದಿದೆ, ಅದನ್ನು ಬಂದವರಿಗೆ ಎದುರಿಗೇ ತೋರಿಸುತ್ತೇನೆ, ಬರೆಯುವುದಿಲ್ಲ.

ಹಚ್ಚುವ ಕ್ರಮವೂ ಮುಖ್ಯ. ಮುಖ್ಯ ದೀಪ ಆರಿದರೆ ಬದಲಿ ದೀಪವನ್ನು ಬಳೆಯಲ್ಲಿರುವಾಗಲೇ ತಿರುವಿ ಹಚ್ಚಿ, ಬೆಳಕು ಬಂದ ಮೇಲೆ ಸ್ನ್ಯಾಪ್ ಬಿಚ್ಚಬೇಕು. ಮೊದಲೇ ಬಿಚ್ಚಿ ಕೈಜಾರಿದರೆ ದೀಪ ತಳದ ಕೆಸರಿಗೆ. ಯಾವ ದೀಪ ಆರಿದರೂ ಆ ಡೈವ್ ಅಲ್ಲಿಗೆ ಮುಗಿಯಿತು, ವಾಪಸ್.

ತಿರುವಿ ಹಚ್ಚುವ ದೀಪದಲ್ಲಿ ಒಂದು ಕಾಟವಿದೆ. ದಡದಲ್ಲಿ ಆರಿಸಿಟ್ಟದ್ದು 15–20 ಮೀಟರಿಗೆ ಹೋದಾಗ ತಾನೇ ಹೊತ್ತಿಕೊಳ್ಳುತ್ತದೆ. ನೀರಿನ ಒತ್ತಡಕ್ಕೆ ಮುಖದ ಭಾಗ ಒಳಗೆ ಸರಿದು ಸಂಪರ್ಕ ಕೂಡಿಬಿಡುತ್ತದೆ, ಬೇಕಾದಾಗ ಬ್ಯಾಟರಿ ಖಾಲಿ. ಹೊತ್ತಿದಲ್ಲಿಂದ ಒಂದು ಸುತ್ತಿಗಿಂತ ತುಸು ಹೆಚ್ಚೇ ಸಡಿಲಿಸಿ ಇಟ್ಟರೆ ನಿಲ್ಲುತ್ತದೆ. ಇನ್ನೂ ಬಿಚ್ಚಿದರೆ ನೀರು ತಡೆಯುವ ರಬ್ಬರ್ ಉಂಗುರ (ಓ-ರಿಂಗ್) ಕೂತ ಜಾಗ ಬಿಟ್ಟು ನೀರು ಒಳಗೆ ಬರುತ್ತದೆ. ಎರಡು ಓ-ರಿಂಗ್ ಇರುವ ದೀಪವನ್ನೇ ಕೊಳ್ಳಿ. ನಾಲ್ಕು ಸಾವಿರದ ಆಸುಪಾಸು ಒಂದಕ್ಕೆ. ಸ್ನ್ಯಾಪ್ ಒಂದಕ್ಕೆ ಆರೇಳು ನೂರು. ಎಲ್ಲ ಸೇರಿ ಇಪ್ಪತ್ನಾಲ್ಕು ಸಾವಿರದೊಳಗೆ ಮೂರು ದೀಪದ ಜೋಡಣೆ ಮುಗಿಸಿದ್ದೇನೆ. ಹೆಸರಾಂತ ಕ್ಯಾನಿಸ್ಟರ್ ದೀಪ ಒಂದರ ರೊಕ್ಕಕ್ಕೆ ಇಂಥ ಸೆಟ್ ಎರಡು ಮೂರು ಬರುತ್ತವೆ.

ನಡುವೆ ಹಳದಿ ಗಾಜು ಹಾಕಿ ನೋಡಿದೆ, ಹಸಿರು ನೀರಿನಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ದೀಪದ ಮುಖಕ್ಕೆ ಆರೇಳು ಸೆಂ.ಮೀ. ಪಿವಿಸಿ ಪೈಪಿನ ತುಂಡು ತೊಡಿಸಿ, ಒಳಗೆ ಹೊಳಪಿಲ್ಲದ ಕಪ್ಪು ಬಳಿದದ್ದು ಮಾತ್ರ ಚೆನ್ನಾಗಿ ಫಲಿಸಿತು: ಅಂಚಿನ ಚೆಲ್ಲುಬೆಳಕು ನಿಂತು ಕಿರಿದಾದ ಕಿರಣ ರಾಡಿಯನ್ನು ಸೀಳಿ ಹೋಗುತ್ತದೆ. ಪೈಪಿಗೆ ನಾಲ್ಕು ತೂತು ಕೊರೆಯಿರಿ, ಇಲ್ಲದಿದ್ದರೆ ಗಾಳಿಗುಳ್ಳೆ ಒಳಗೇ ಸಿಕ್ಕಿಕೊಂಡು ಬೆಳಕು ಚದುರುತ್ತದೆ.

ಹೆಚ್ಚುವರಿ ಸಿಲಿಂಡರ್ ಒಯ್ಯುವಾಗ ಎಡ ಡಿ-ರಿಂಗಿನಲ್ಲಿ ನೂಕುನುಗ್ಗಲು. ಮೊದಲು ದೀಪದ ಸ್ನ್ಯಾಪ್ ಒಳಬದಿಗೆ, ಅದರ ಹೊರಗೆ ಸಿಲಿಂಡರಿನದು. ಇನ್‌ಫ್ಲೇಟರ್ ಹೋಸಿನ ಬಳೆ ಇವೆರಡಕ್ಕಿಂತ ಮೇಲೆ. ಕಣ್ಣು ಮುಚ್ಚಿ, ಕೈಗವಸು ಹಾಕಿಕೊಂಡೇ ಮೂರನ್ನೂ ಬೇರೆಬೇರೆ ಮುಟ್ಟಿ ಗುರುತಿಸಲು ಬರಬೇಕು.

ನಮ್ಮ ಬಿಸಿಲಿಗೆ ರಬ್ಬರ್ ಬಹಳ ದಿನ ಬಾಳುವುದಿಲ್ಲ. ಯುಗಾದಿಗೊಮ್ಮೆ ಎಲ್ಲ ಬಳೆ ಬದಲಿಸುತ್ತೇನೆ. ಎಳೆದಾಗ ಸಣ್ಣ ಬಿರುಕು ಕಂಡರೆ ಅಲ್ಲಿಯವರೆಗೂ ಕಾಯುವುದಿಲ್ಲ. ಲಿಥಿಯಂ ಸೆಲ್ಲುಗಳನ್ನು ಮೇ ತಿಂಗಳಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ನೀರು ಹೊಕ್ಕ ದೀಪದೊಳಗೆ ಅನಿಲ ಒತ್ತಿ ನಿಂತಿರಬಹುದು, ಮುಚ್ಚಳ ತೆರೆಯುವಾಗ ಮುಖ ಆಚೆ ಇಟ್ಟು ನಿಧಾನ ತಿರುವಿ.