ಕಪ್ಪು ಕವಚ, ಬೆಳ್ಳಿ ತೋಳು: ಮಲೆನಾಡಿನ ಮಳೆಯಲ್ಲಿ ಡೆತ್‌ವಾಚ್ ತಂಡ ಬಳಿಯುವುದು

ವಾರ್‌ಹ್ಯಾಮರ್ ಆಟದ ಡೆತ್‌ವಾಚ್ ಬೊಂಬೆಗಳನ್ನು ನೋಡಿದವರು ಮೊದಲು ಹೇಳುವ ಮಾತು, "ಕಪ್ಪು ತಾನೇ, ಬಳಿದುಬಿಟ್ಟರಾಯ್ತು." ಕಷ್ಟ ಇರುವುದೇ ಅಲ್ಲಿ. ಬೇರೆ ಬಣ್ಣಕ್ಕೆ ವಾಷ್ (ಸಂದಿಗಿಳಿಯುವ ನೀರಾದ ಬಣ್ಣ) ಹಾಕಿದರೆ ನೆರಳು ತಾನಾಗಿ ಕೂರುತ್ತದೆ. ಕಪ್ಪಿನ ಮೇಲೆ ನೆರಳು ಕಾಣುವುದಿಲ್ಲ, ಬೆಳಕನ್ನು ಗೆರೆಗೆರೆಯಾಗಿ ನಾವೇ ಬರೆಯಬೇಕು. ಅದರ ಜೊತೆಗೆ ನಮ್ಮ ಕಡೆ ಆರಿದ್ರೆ ಮಳೆಯಿಂದ ಆಶ್ಲೇಷದವರೆಗೆ ಗೋಡೆಯೂ ಬೆವರುತ್ತದೆ. ಡಬ್ಬಿಯ ಮೇಲೆ ಬರೆದಿರುವ ಒಣಗುವ ಹೊತ್ತನ್ನು ನಂಬಿ ಕೂತರೆ ಕೆಲಸ ಕೆಟ್ಟಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ವಾರ್‌ಹ್ಯಾಮರ್ 40,000 ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ 1987ರಲ್ಲಿ ಹೊರತಂದ ಯುದ್ಧದಾಟ. ಅದರ ಕಥೆಯಲ್ಲಿ ಅನ್ಯಗ್ರಹದ ಜೀವಿಗಳ ಬೇಟೆಗೆ ಮೀಸಲಾದ ದಳ ಡೆತ್‌ವಾಚ್. ಇದಕ್ಕೆ ತನ್ನದೇ ಸೈನಿಕರಿಲ್ಲ. ಬೇರೆ ಬೇರೆ ಚಾಪ್ಟರ್‌ಗಳಿಂದ (ಸೇನಾಪಡೆಗಳಿಂದ) ನುರಿತವರನ್ನು ಎರವಲು ತರುತ್ತದೆ. ಬಂದವನ ಕವಚಕ್ಕೆ ಕಪ್ಪು, ಎಡ ತೋಳಿಗೆ ಬೆಳ್ಳಿ. ಬಲ ಭುಜದ ತಟ್ಟೆ ಮಾತ್ರ ಅವನ ತವರು ಚಾಪ್ಟರ್‌ನ ಬಣ್ಣದಲ್ಲೇ ಉಳಿಯುತ್ತದೆ. ಬಣ್ಣದ ಕೆಲಸಕ್ಕೆ ಇದರ ಅರ್ಥ ಏನೆಂದರೆ, ತಂಡದ ಐದೂ ಬೊಂಬೆಗಳ ಕಪ್ಪು ಮತ್ತು ಬೆಳ್ಳಿ ಒಂದೇ ಸಲಕ್ಕೆ ಒಂದೇ ಹದದಲ್ಲಿ ಆಗಬೇಕು, ಬಲ ತಟ್ಟೆಗಳು ಮೈಯಿಂದ ಬೇರೆಯಾಗಿ ಒಂದೊಂದಾಗಿ ಆಗಬೇಕು. ಒಂದೊಂದೇ ಬೊಂಬೆಯನ್ನು ಪೂರ್ತಿ ಮುಗಿಸುತ್ತ ಹೋದರೆ ಐದನೆಯದರ ಕಪ್ಪು ಮೊದಲನೆಯದಕ್ಕೆ ಹೊಂದುವುದಿಲ್ಲ.

ಜೋಡಣೆಯಲ್ಲಿ ಕಾಲು, ಮುಂಡ, ತಲೆ ಸೇರಿ ಒಂದು ತುಂಡು. ಬೆನ್ನಿನ ಚೀಲ ಬೇರೆ. ಎರಡೂ ಕೈಯಲ್ಲಿ ಹಿಡಿಯುವ ಬೋಲ್ಟರ್ ಬಂದೂಕು ಇದ್ದರೆ ಕೈಗಳನ್ನು ಬಿಡಿಬಿಡಿಯಾಗಿ ಬಳಿದು ಆಮೇಲೆ ಅಂಟಿಸಲು ಹೋಗಬೇಡಿ, ಎಡಗೈ ಬಂದೂಕಿಗೆ ಮುಟ್ಟುವುದೇ ಇಲ್ಲ. ಭುಜಕ್ಕೆ ಒಂದು ಚೂರು ಬ್ಲೂ ಟ್ಯಾಕ್ (ಅಂಟಿಸಿ ಕೀಳಬಹುದಾದ ಮೇಣದಂಥ ಅಂಟು) ಒತ್ತಿ ಎರಡೂ ಕೈಗಳನ್ನು ಮುಂಡಕ್ಕೆ ಕೂರಿಸಿ. ಬಂದೂಕು ಮತ್ತು ಮಣಿಕಟ್ಟಿಗೆ ಮಾತ್ರ ಪ್ಲಾಸ್ಟಿಕ್ ಸಿಮೆಂಟ್ (ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ಅಂಟು) ಹಾಕಿ. ಹತ್ತು ಹದಿನೈದು ನಿಮಿಷ ಬಿಟ್ಟು ಕೈ-ಬಂದೂಕು-ಕೈ ಒಂದೇ ತುಂಡಾಗಿ ಎಳೆದುಕೊಳ್ಳಿ. ಆಯುಧ ಬದಲಿಸುವ ಆಸೆ ಇದ್ದರೆ ಕೈಡ್ರಿಲ್‌ನಿಂದ 3 ಮಿ.ಮೀ. ತೂತು ಕೊರೆದು 3×1 ಮಿ.ಮೀ. ಅಯಸ್ಕಾಂತ ಕೂರಿಸಬಹುದು. ಕೂರಿಸುವ ಮೊದಲು ಎಲ್ಲ ಅಯಸ್ಕಾಂತಗಳನ್ನೂ ಒಂದರ ಮೇಲೊಂದು ಪೇರಿಸಿ, ಮೇಲ್ಮುಖಕ್ಕೆ ಮಾರ್ಕರ್ ಚುಕ್ಕೆ ಇಡಿ. ಒಂದು ತಿರುಗುಮುರುಗಾದರೂ ಆ ಕೈ ಮುಂಡವನ್ನು ದೂಡುತ್ತದೆ, ಸೂಪರ್ ಗ್ಲೂ ಕಚ್ಚಿದ ಮೇಲೆ ತೆಗೆಯಲು ಪ್ಲಾಸ್ಟಿಕ್ಕನ್ನೇ ಕೆತ್ತಬೇಕು. ಇನ್ನೊಂದು: ಸೂಪರ್ ಗ್ಲೂ ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಹಾಗಾಗಿ ಮಳೆಗಾಲದಲ್ಲಿ ಬೇಗ ಹಿಡಿಯುತ್ತದೆ, ಆದರೆ ಸುತ್ತ ಬೂದಿ ಬಳಿದಂತೆ ಬಿಳಿ ಏಳುತ್ತದೆ. ಹನಿ ಕಡಿಮೆ ಮಾಡಿ, ಮುಚ್ಚಿದ ಡಬ್ಬಿಯೊಳಗೆ ಒಣಗಲು ಇಡಬೇಡಿ.

ಪ್ರೈಮರ್, ಅಂದರೆ ಬಣ್ಣ ಹಿಡಿಯಲು ಮೊದಲು ಹಾಕುವ ತಳಪದರದ ವಿಷಯಕ್ಕೆ ಬಂದರೆ ನಮ್ಮ ಊರಿಗೂ ಬಯಲುಸೀಮೆಗೂ ದಾರಿ ಬೇರೆ. ಸ್ಪ್ರೇ ಡಬ್ಬಿಯ ಕಪ್ಪು ಫೆಬ್ರವರಿಯಲ್ಲಿ ರೇಷ್ಮೆಯ ಹಾಗೆ ಕೂರುತ್ತದೆ. ಜುಲೈನಲ್ಲಿ ಅದೇ ಡಬ್ಬಿ, ಅದೇ ಕೈ, ಆದರೆ ಮೇಲ್ಮೈ ಮಂಜು ಹಿಡಿದಂತೆ ಬೂದಾಗುತ್ತದೆ, ಮುಟ್ಟಿದರೆ ಮರಳುಮರಳು. ತೇವಮಾಪಕ ಶೇ. 70 ದಾಟಿದ ದಿನ ನಾನು ಸ್ಪ್ರೇ ಮುಟ್ಟುವುದಿಲ್ಲ. ಅಂದರೆ ಮಳೆಗಾಲಪೂರ್ತಿ ಕುಂಚದ ಪ್ರೈಮರೇ ಗತಿ. ಎರಡು ತೆಳು ಪದರ, ನಡುವೆ ನಾಲ್ಕು ಗಂಟೆ ಬಿಡುವು. ದಪ್ಪಗೆ ಒಂದೇ ಪದರ ಹಾಕಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ, ಮುಂದಿನ ಬಣ್ಣ ತಾಗಿದಾಗ ಸಿಪ್ಪೆಯ ಹಾಗೆ ಎದ್ದುಬರುತ್ತದೆ.

ಒಣಗಿಸಲು ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಕಾಲದ 25 ವ್ಯಾಟ್ ಬಲ್ಬು ಸಾಕು. ಮೇಲೆ ನಾಲ್ಕು ತೂತು ಇರಲಿ, ಬಲ್ಬಿಗೂ ಬೊಂಬೆಗೂ ರಟ್ಟಿಗೂ ಒಂದು ಗೇಣು ಅಂತರ ಇರಲಿ, ಬಲ್ಬು ಉರಿಯುತ್ತಿರುವಾಗ ಮನೆ ಬಿಟ್ಟು ಹೋಗಬೇಡಿ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು, ಬೇಕಾದ್ದು ಬೆಳಕಲ್ಲ, ಬಿಸಿ. ಅಡಿಕೆ ಒಣಗುವ ಅಟ್ಟ ಬೆಚ್ಚಗಿದೆಯಲ್ಲ ಎಂದು ಅಲ್ಲಿಡುವ ಯೋಚನೆ ಎಲ್ಲರಿಗೂ ಬರುತ್ತದೆ. ಒಲೆಯ ಮೇಲಿನ ಅಟ್ಟವಾದರೆ ಮಸಿ ಬಣ್ಣಕ್ಕೆ ಅಂಟುತ್ತದೆ, ಬಿಟ್ಟುಬಿಡಿ.

ಮೊದಲು ಬೆಳ್ಳಿ, ಆಮೇಲೆ ಕಪ್ಪು. ಹೆಚ್ಚಿನವರು ಇದನ್ನು ಹಿಂದುಮುಂದು ಮಾಡುತ್ತಾರೆ. ಲೋಹದ ಬಣ್ಣದಲ್ಲಿ ಮಿನುಗುವ ಪುಡಿ ಇರುತ್ತದೆ. ಎಲ್ಲಿ ಹಾರಿದರೂ ಕಪ್ಪಿನ ಮೇಲೆ ನಕ್ಷತ್ರ. ಬೆಳ್ಳಿ ಮೊದಲು ಮುಗಿದಿದ್ದರೆ ಹಾರಿದ್ದನ್ನೆಲ್ಲ ಕಪ್ಪು ನುಂಗುತ್ತದೆ. ಎಡ ತೋಳು, ಎಡ ತಟ್ಟೆಗೆ ಲೆಡ್‌ಬೆಲ್ಚರ್ ಎಂಬ ಲೋಹದ ಬಣ್ಣ ಎರಡು ಪದರ, ಅದರ ಮೇಲೆ ನುಲ್ನ್ ಆಯಿಲ್ ಎಂಬ ಕಪ್ಪು ವಾಷ್, ಒಂದು ರಾತ್ರಿ ಬಿಟ್ಟು ಉಬ್ಬಿದ ಜಾಗಕ್ಕೆ ಮತ್ತೆ ಲೆಡ್‌ಬೆಲ್ಚರ್, ಅಂಚಿಗೆ ಹೊಳಪಿನ ಬೆಳ್ಳಿ. ಇದಾದ ಮೇಲೆ ಕುಂಚ ತೊಳೆದ ನೀರನ್ನು ಚೆಲ್ಲಿ, ಕಪ್ಪಿಗೆ ಬೇರೆ ಲೋಟ ಇಡಿ.

ಕಪ್ಪು ಅಪ್ಪಟ ಕಪ್ಪಾಗಿರಬಾರದು. ನಾಲ್ಕು ಹನಿ ಕಪ್ಪಿಗೆ ಒಂದು ಹನಿ ಕಡುನೀಲಿ, ಜೊತೆಗೆ ಎರಡು ಹನಿ ನೀರು. ಹೀಗೆ ಮಾಡಿದರೆ ಸಂದಿಯಲ್ಲಿ ಉಳಿದ ಪ್ರೈಮರ್‌ನ ಕಪ್ಪೇ ನೆರಳಾಗುತ್ತದೆ. ನಂತರ ಕವಚದ ಎಲ್ಲ ಅಂಚಿಗೂ ನೀಲಿ ಬೆರೆತ ಕಡುಬೂದಿ ಗೆರೆ, ಅರ್ಧ ಮಿ.ಮೀ. ಮೀರಬಾರದು. ಕುಂಚದ ತುದಿಯಿಂದ ಎಳೆದರೆ ಕೈ ನಡುಗಿದ್ದೆಲ್ಲ ಕಾಣುತ್ತದೆ, ಕುಂಚದ ಪಕ್ಕವನ್ನು ಅಂಚಿಗೆ ತಾಗಿಸಿ ಜಾರಿಸಿ. ಎರಡನೆಯ ಸುತ್ತು ನಡುಬೂದಿ, ಅದು ಮೇಲ್ಮುಖದ ಅಂಚುಗಳಿಗೆ ಮಾತ್ರ. ಕೊನೆಗೆ ಮೂಲೆಗಳಿಗೆ ತೆಳುಬೂದಿ ಚುಕ್ಕೆ. ಗೆರೆ ದಪ್ಪವಾದರೆ ಒರೆಸಬೇಡಿ, ಒಣಗಲು ಬಿಟ್ಟು ಕೆಳಗಿನಿಂದ ಅದೇ ಕಪ್ಪು ಮಿಶ್ರಣದಿಂದ ಕತ್ತರಿಸಿ. ಮಿಶ್ರಣವನ್ನು ಐದಕ್ಕೂ ಸಾಕಾಗುವಷ್ಟು ಒಮ್ಮೆಗೇ ಕಲಸಿ ಪುಟ್ಟ ಬಾಟಲಿಯಲ್ಲಿ ತೆಗೆದಿಡಿ, ಎರಡನೇ ಸಲ ಅದೇ ಬಣ್ಣ ಬರುವುದಿಲ್ಲ. ವೆಟ್ ಪ್ಯಾಲೆಟ್‌ನಲ್ಲಿಟ್ಟರೆ (ಒದ್ದೆ ಸ್ಪಂಜಿನ ಮೇಲೆ ಬಣ್ಣ ಹಸಿಯಾಗಿಡುವ ತಟ್ಟೆ) ಮಳೆಗಾಲದಲ್ಲಿ ಮೂರನೇ ದಿನಕ್ಕೆ ಬೂಸಲು. ಸ್ಪಂಜನ್ನು ಎರಡು ದಿನಕ್ಕೊಮ್ಮೆ ಬಿಸಿನೀರಿನಲ್ಲಿ ಹಿಂಡಿ.

ಬಲ ತಟ್ಟೆಗಳನ್ನು ಹಲ್ಲುಕಡ್ಡಿಯ ತುದಿಗೆ ಬ್ಲೂ ಟ್ಯಾಕ್ ಇಟ್ಟು ಚುಚ್ಚಿಕೊಳ್ಳಿ. ಇವಕ್ಕೆ ಕಪ್ಪು ಪ್ರೈಮರ್ ಬೇಡ, ತೆಳುಬೂದಿ ಹಾಕಿ. ಇಂಪೀರಿಯಲ್ ಫಿಸ್ಟ್ಸ್ ಚಾಪ್ಟರ್‌ನ ಹಳದಿ ಕಪ್ಪಿನ ಮೇಲೆ ಆರು ಪದರ ಹಾಕಿದರೂ ಹಸಿರುಹಸಿರಾಗಿಯೇ ಕಾಣುತ್ತದೆ. ಬೂದಿಯ ಮೇಲೆ ಒಂದು ತಿಳಿಗುಲಾಬಿ ಪದರ ಹಾಕಿ ಆಮೇಲೆ ಹಳದಿ ಕೊಟ್ಟರೆ ಎರಡೇ ಪದರಕ್ಕೆ ತುಂಬುತ್ತದೆ. ಅಲ್ಟ್ರಾಮರೀನ್ಸ್‌ನ ನೀಲಿ, ಸಾಲಮ್ಯಾಂಡರ್ಸ್‌ನ ಹಸಿರು, ಬ್ಲಡ್ ಏಂಜೆಲ್ಸ್‌ನ ಕೆಂಪು ಸುಲಭ. ರೇವನ್ ಗಾರ್ಡ್ ಮಾತ್ರ ಮೊದಲ ತಂಡಕ್ಕೆ ಬೇಡ: ಅವರ ತಟ್ಟೆಯೂ ಕಪ್ಪು, ಬಿಳಿ ಹಕ್ಕಿಯ ಚಿಹ್ನೆ ಸೊಟ್ಟಗಾದರೆ ಮುಚ್ಚಿಕೊಳ್ಳಲು ಬೇರೆ ಬಣ್ಣವೇ ಇಲ್ಲ. ಚಿಹ್ನೆ ಉಬ್ಬಿ ಬಂದ ತಟ್ಟೆ ಇದ್ದರೆ ಅದನ್ನೇ ಬಳಸಿ. ನೀರಿನ ಸ್ಟಿಕ್ಕರ್ ಆದರೆ ಮೊದಲು ಗ್ಲಾಸ್ (ಹೊಳಪಿನ) ವಾರ್ನಿಷ್, ಆಮೇಲೆ ಸ್ಟಿಕ್ಕರ್, ಮೇಲೆ ಸ್ಟಿಕ್ಕರನ್ನು ಮೆತ್ತಗಾಗಿಸುವ ದ್ರವ ಮೈಕ್ರೋ ಸಾಲ್. ದ್ರವ ಹಾಕಿದಾಗ ಸ್ಟಿಕ್ಕರ್ ಸುಕ್ಕಾಗುತ್ತದೆ, ಗಾಬರಿಯಿಂದ ಮುಟ್ಟಿದಿರೋ ಹರಿಯಿತು. ಬೆಳಗಿನವರೆಗೆ ಬಿಡಿ, ತಾನೇ ಕೂರುತ್ತದೆ.

ಆಯುಧಕ್ಕೆ ನನ್ನದೊಂದು ಪದ್ಧತಿ ಇದೆ. ಡೆತ್‌ವಾಚ್‌ನ ವಿಶೇಷ ಗುಂಡುಗಳು ನಾಲ್ಕು: ಮರೆಯಲ್ಲಿ ಅಡಗಿದವರನ್ನು ಸುಡುವ ಡ್ರ್ಯಾಗನ್‌ಫೈರ್, ಜೀವಂತ ಮಾಂಸವನ್ನು ಆಮ್ಲದಿಂದ ಕರಗಿಸುವ ಹೆಲ್‌ಫೈರ್, ಕವಚ ತೂರುವ ಕ್ರಾಕನ್, ಹತ್ತಿರದಿಂದ ದಪ್ಪ ಕವಚವನ್ನು ಸೀಳುವ ವೆಂಜನ್ಸ್. ಮ್ಯಾಗಜಿನ್‌ನ ಬುಡಕ್ಕೆ ಕಿತ್ತಳೆ, ಹಸಿರು, ನೀಲಿ, ಕೆಂಪು ಪಟ್ಟಿ ಎಳೆಯುತ್ತೇನೆ. ಕಪ್ಪು ಬೊಂಬೆಗೆ ಅದು ಚೆನ್ನಾಗಿಯೂ ಕಾಣುತ್ತದೆ, ಐದು ಜನರನ್ನು ದೂರದಿಂದಲೇ ಗುರುತಿಸಲೂ ಆಗುತ್ತದೆ. ನಿಯಮಪುಸ್ತಕ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ, ಪಟ್ಟಿ ಹಾಗೇ ಉಳಿಯುತ್ತದೆ.

32 ಮಿ.ಮೀ. ಪೀಠಕ್ಕೆ ಅಂಗಡಿಯ ಮಣ್ಣು ಕೊಳ್ಳುವುದು ದಂಡ. ಜಂಬಿಟ್ಟಿಗೆ ಚೂರನ್ನು ಕುಟ್ಟಿ ಟೀ ಸೋಸುವ ಜರಡಿಯಲ್ಲಿ ಹಿಡಿದರೆ ಮಂಗಳಗ್ರಹದಂಥ ಕೆಂಪು ಪುಡಿ, ಕಪ್ಪು ಕವಚ ಅದರ ಮೇಲೆ ಎದ್ದು ನಿಲ್ಲುತ್ತದೆ. ಪುಡಿಯನ್ನು ಹಳೆಯ ಬಾಣಲೆಯಲ್ಲಿ ಹತ್ತು ನಿಮಿಷ ಹುರಿಯಲೇಬೇಕು, ಇಲ್ಲದಿದ್ದರೆ ಪೀಠದಿಂದ ಬೂಸಲು ಏಳುತ್ತದೆ. ಫೆವಿಕಾಲ್‌ಗೆ ಕಾಲುಭಾಗ ನೀರು ಬೆರೆಸಿ ಬಳಿದು, ಪುಡಿ ಉದುರಿಸಿ, ಒಣಗಿದ ಮೇಲೆ ಸಮಪಾಲು ನೀರು ಬೆರೆಸಿದ ಫೆವಿಕಾಲ್ ಹನಿಸಿ. ಒಣಹುಲ್ಲಿಗೆ ಅಡಿಕೆ ಸಿಪ್ಪೆಯ ನಾರು ಸರಿಹೋಗುತ್ತದೆ, ಅದನ್ನೂ ಬೆಚ್ಚಗೆ ಮಾಡಿಯೇ ಬಳಸಿ. ಗೋಡೆಯ ಪಾಚಿ ಬೇಡ, ಒಣಗಿ ಪುಡಿಯಾಗುತ್ತದೆ.

ವಾರ್ನಿಷ್ ಕೂಡ ಕುಂಚದ್ದೇ: ಕಪ್ಪಿಗೆ ಮ್ಯಾಟ್ (ಹೊಳಪಿಲ್ಲದ್ದು), ಬೆಳ್ಳಿ ತೋಳಿಗೆ ಸ್ಯಾಟಿನ್ (ಅರೆಹೊಳಪಿನದು). ಮ್ಯಾಟ್ ತಾಗಿದ ಬೆಳ್ಳಿ ಅಲ್ಯೂಮಿನಿಯಂ ಪಾತ್ರೆಯ ತಳದಂತಾಗುತ್ತದೆ. ಆತುರಕ್ಕೆ ಸ್ಪ್ರೇ ಹೊಡೆದು ಬೊಂಬೆ ಮಂಜಾಗಿದ್ದರೆ ಬಣ್ಣ ಕೆರೆಯಬೇಡಿ. ಅದರ ಮೇಲೆ ತೆಳುವಾಗಿ ಗ್ಲಾಸ್ ವಾರ್ನಿಷ್ ಬಳಿದರೆ ಹೆಚ್ಚಿನ ಸಲ ಕಪ್ಪು ಮರಳಿ ಬರುತ್ತದೆ, ಪೂರ್ತಿ ಒಣಗಿದ ಮೇಲೆ ಮ್ಯಾಟ್ ಕೊಡಿ.

ಇಡುವಾಗ ಫೋಮ್ ಪೆಟ್ಟಿಗೆ ನಮ್ಮ ಕಡೆಗೆ ಆಗಿಬರುವುದಿಲ್ಲ, ಸ್ಪಂಜು ತೇವ ಕುಡಿದು ಹಿಡಿದಿಡುತ್ತದೆ. ಪೀಠದ ತಳಕ್ಕೆ 5×2 ಮಿ.ಮೀ. ಅಯಸ್ಕಾಂತ ಅಂಟಿಸಿ, ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ತಗಡು ಹಾಸಿ ನಿಲ್ಲಿಸಿ. ತಗಡಿಗೆ ಮೊದಲೇ ಬಣ್ಣ ಹೊಡೆದಿರಬೇಕು, ಇಲ್ಲವಾದರೆ ಚೌತಿಯ ಹೊತ್ತಿಗೆ ತುಕ್ಕಿನ ಉಂಗುರ. ಒಳಗೆ ಎರಡು ಪೊಟ್ಟಣ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹರಳನ್ನು ಬಿಸಿಮಾಡಿ ಮತ್ತೆ ಹಾಕಿ. ಆ ಬಾಣಲೆ ಮತ್ತೆ ಅಡುಗೆಮನೆಗೆ ಹೋಗಬಾರದು.