ಬಟವಾಡೆ ದಿನದ ಸಂಜೆ

ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿರುವ ನನ್ನನ್ನು ಮನೆಯವರು ಮೊದಲು ಕೇಳುವುದು ಇದನ್ನೇ: "ಮೇಡಂ, ಇವರಿಗೆ ಗೊತ್ತಾಗದ ಹಾಗೆ ಸಾರಲ್ಲಿ ಹಾಕೋ ಮಾತ್ರೆ ಇದೆಯಂತಲ್ಲ, ಕೊಡ್ಸಿ." ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯ ವಿಷಯವದು. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿ.ಪಿ. ಇಳಿದು ಜೀವಕ್ಕೇ ಕುತ್ತು ಬರಬಹುದು. ಕುಡಿಯುವವರೇ ಒಪ್ಪಬೇಕು, ವೈದ್ಯರು ಪರೀಕ್ಷಿಸಿ ಕೊಡಬೇಕು.

ದೇವರ ಮುಂದೆ ಆಣೆ ಮಾಡಿಸಿ ಮನೆಯಲ್ಲೇ ಒಮ್ಮೆಲೇ ಬಿಡಿಸುವುದಕ್ಕೂ ನನಗೆ ಭಯ. ಬೆಳಿಗ್ಗೆ ಎದ್ದಕೂಡಲೇ ಕುಡಿಯುತ್ತಿದ್ದವರು ಹಠಾತ್ತನೆ ನಿಲ್ಲಿಸಿದರೆ ಮೊದಲ ದಿನವೇ ಕೈನಡುಕ, 48 ಗಂಟೆಯೊಳಗೆ ಫಿಟ್ಸ್, ಆಮೇಲೆ ಇಲ್ಲದ್ದೆಲ್ಲ ಕಾಣುವ ಸನ್ನಿ ಬರಬಹುದು. ಅಂಥವರು ಮೊದಲ ವಾರ ಆಸ್ಪತ್ರೆಯಲ್ಲೇ ಇರಲಿ.

ಆ ವಾರ ವೈದ್ಯರದ್ದು. ನನ್ನ ಕೆಲಸವೆಲ್ಲ ಡಿಸ್ಚಾರ್ಜ್ ಆದ ಮೇಲಿನ ಸಂಜೆಗಳದ್ದು.

ಗಾರೆ ಕೆಲಸದವರೊಬ್ಬರಿದ್ದರು. ಶನಿವಾರ ಬಟವಾಡೆ. 500ರ ನೋಟಿಗೆ ಚಿಲ್ಲರೆ ಸಿಗುತ್ತದೆಂದು ಮೇಸ್ತ್ರಿ ಎಲ್ಲರನ್ನೂ ವೈನ್ ಶಾಪ್ ಮುಂದೆಯೇ ನಿಲ್ಲಿಸಿ ಕೂಲಿ ಹಂಚುತ್ತಿದ್ದರು. ಕೈಯಲ್ಲಿ ದುಡ್ಡು, ಕಣ್ಣೆದುರು 90 ಎಂ.ಎಲ್. ಪ್ಯಾಕೆಟ್, ಜೊತೆಗೆ ಗೆಳೆಯರು. ಅಲ್ಲಿ ನಿಂತವರಿಗೆ "ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಎಂದು ಹೇಳಿ ಏನು ಪ್ರಯೋಜನ? ಅವರನ್ನೇ ಕೇಳಿದೆ, ಏನು ಮಾಡೋಣ ಎಂದು. "ದುಡ್ಡು ನನ್ನ ಹೆಂಡ್ತಿ ಫೋನ್‌ಪೇಗೆ ಹಾಕ್ಲಿ ಮೇಡಂ" ಅಂದರು. ಅವರ ಒಪ್ಪಿಗೆಯಿಂದಲೇ ಮೇಸ್ತ್ರಿ ಜೊತೆ ಮಾತಾಡಿದೆ. ಹಸಿದಾಗ ಕುಡಿಯುವ ಆಸೆ ಜೋರಾಗುತ್ತಿತ್ತು. ಅದಕ್ಕೆ ಕೆಲಸ ಬಿಡುವ ಮುಂಚೆ ಹೊಟ್ಟೆ ತುಂಬ ತಿಂಡಿ. ಮಗಳನ್ನು ಟ್ಯೂಷನ್‌ನಿಂದ ಕರೆತರುವ ಜವಾಬ್ದಾರಿಯನ್ನೂ ವಹಿಸಿಕೊಂಡರು. ಟ್ಯೂಷನ್ ಕಡೆಯ ದಾರಿಯಲ್ಲಿ ವೈನ್ ಶಾಪ್ ಇರಲಿಲ್ಲ. ಆಸೆ ಎಷ್ಟೇ ಉಕ್ಕಿದರೂ ಅರ್ಧ ಗಂಟೆ ತಳ್ಳಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಆ ಅರ್ಧ ಗಂಟೆಗೇ ಇಷ್ಟೆಲ್ಲ ಏರ್ಪಾಡು.

ಹೆಂಡತಿಗೆ ಹೇಳಿದ್ದು ಒಂದೇ: ಬಾಗಿಲಲ್ಲಿ ಬಾಯಿ ಮೂಸಿ ನೋಡಬೇಡಿ. ವರ್ಷಗಟ್ಟಲೆ ಏಟು ತಿಂದ ಹೆಣ್ಣುಮಗಳಿಗೆ ಇದು ಸುಲಭವಲ್ಲ. ಅದಕ್ಕೇ ಅವರ ಜೊತೆ ಬೇರೆಯಾಗಿ ಕೂತು ಮಾತಾಡುತ್ತೇನೆ. ಅವರಿಗೂ ಚಿಕಿತ್ಸೆ ಬೇಕು ಎಂದು ಯಾರಿಗೂ ತೋಚುವುದಿಲ್ಲ.

ಹೊಸತೊಡಕಿನ ದಿನ ಗಂಡ ಕುಡಿದರು. ರಾತ್ರಿ ತಾವೇ ಫೋನ್ ಮಾಡಿದರು. ಬೈಯಲಿಲ್ಲ, ಎಷ್ಟು ಹೊತ್ತಿಗೆ, ಯಾರ ಜೊತೆ, ಅದಕ್ಕೆ ಮುಂಚೆ ಏನಾಯ್ತು ಎಂದು ಕೇಳಿದೆ. ಭಾವಮೈದುನರ ಮನೆ, ಮಾಂಸದೂಟ, "ಒಂದೇ ಒಂದು" ಎಂಬ ಒತ್ತಾಯ. ಮರುದಿನ ಕೇಂದ್ರಕ್ಕೆ ಬಂದರು. ಆಗಿನಿಂದ ಹಬ್ಬಕ್ಕೆ ಎರಡು ವಾರ ಮುಂಚೆಯೇ ಊಟ ಯಾರ ಮನೆಯಲ್ಲಿ, ಎಷ್ಟು ಗಂಟೆಗೆ ಎದ್ದು ಬರಬೇಕು ಎಂದು ಇಬ್ಬರನ್ನೂ ಕೂರಿಸಿ ಮಾತಾಡುತ್ತೇವೆ. ನಾನು ಸಿಗದಿದ್ದರೆ ಕರೆ ಮಾಡಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅವರ ಫೋನಿನಲ್ಲಿದೆ.